ಖಾಲಿ ಕುಂಡಕ್ಕೆ ನೀರು

ಮುಚ್ಚಿಟ್ಟದ್ದನ್ನು ಮುಚ್ಚಿಟ್ಟ ಹಾಗೆಯೇ ಬಿಡುವ ಗುಣ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೆ ಬಂದಿಲ್ಲ. ನಾನು ಹೆಪ್ಪು ಹಾಕಿದ ಹಾಲು ನೆಟ್ಟಗೆ ಗಟ್ಟಿ ಮೊಸರಾದ ದಿನಗಳು ತೀರಾ ಕಡಿಮೆ. ಹೆಪ್ಪು ಹಾಕಿ ಒಂದು ಗಂಟೆಯಾಗುವಷ್ಟರಲ್ಲಿ ನನ್ನ ಕೈ ಮುಚ್ಚಳದ ಮೇಲಿರುತ್ತದೆ. ತೆಗೆದು, ಪಾತ್ರೆಯನ್ನು ಒಂದಿಷ್ಟು ವಾಲಿಸಿ, ಹಾಲು ಹಾಲಾಗಿಯೇ ಅಂಚಿಗೆ ಓಡಿಬಂದರೆ ಮತ್ತೆ ಮುಚ್ಚುತ್ತೇನೆ. ಅರ್ಧ ಗಂಟೆ ಬಿಟ್ಟು ಮತ್ತೆ ತೆಗೆಯುತ್ತೇನೆ. “ಅದಕ್ಕೆ ಮೊಸರಾಗೋಕೆ ಒಂದು ಗಳಿಗೆ ಪುರುಸೊತ್ತು ಕೊಡೇ” ಎಂದು ನನ್ನ ತಾಯಿ ಬದುಕಿರುವ ತನಕ ಹೇಳಿದರು. ಇಡ್ಲಿ ಪಾತ್ರೆಯದ್ದೂ ಇದೇ ಕಥೆ. ನಮ್ಮ ಮನೆಯ ಇಡ್ಲಿ ಯಾಕೆ ಹೀಗೆ ಚಪ್ಪಟೆ ಎಂದು ಬಂದ ನೆಂಟರು ಬಾಯಿಬಿಟ್ಟು ಕೇಳುವುದಿಲ್ಲ, ಎರಡನೆಯದನ್ನು ಬಡಿಸಲು ಹೋದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ, ಅಷ್ಟೆ.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ನಾನು ಕಾಫಿ ತಟ್ಟೆ ಹಿಡಿದು ಹೊರಗೆ ಬರುವ ಮೊದಲೇ ಅಡುಗೆಮನೆಯ ಕಿಟಕಿಯಿಂದ ಎರಡು ಸಲ, ಹಿತ್ತಲಿನ ಕಡೆಯಿಂದ ಒಂದು ಸಲ ಹುಡುಗನನ್ನು ನೋಡಿ ಮುಗಿಸಿದ್ದೆ. ಹುಡುಗನಾದರೋ ನಾನು ಎದುರಿಗೆ ಕೂತ ಮೇಲೂ ತಟ್ಟೆಯಲ್ಲಿದ್ದ ಉಪ್ಪಿಟ್ಟನ್ನೇ ನೋಡುತ್ತಿದ್ದ. ಇವತ್ತಿಗೂ ನಮ್ಮ ಯಜಮಾನರು ಹಾಗೆಯೇ. ಕೊರಿಯರ್‌ನಲ್ಲಿ ಬಂದ ಪೊಟ್ಟಣವನ್ನು ಮೂರು ದಿನ ಟೀವಿ ಪಕ್ಕದಲ್ಲಿಟ್ಟು, ನಾಲ್ಕನೆಯ ದಿನ “ಇದೇನೋ ಬಂದಿತ್ತಲ್ಲ” ಎನ್ನುತ್ತಾರೆ. ಆ ಮೂರು ದಿನ ನಾನು ಆ ಪೊಟ್ಟಣವನ್ನು ಕೈಯಲ್ಲಿ ತೂಗಿ, ಅಲುಗಾಡಿಸಿ, ಮೂಸಿ ನೋಡಿರುತ್ತೇನೆ. ನಾನು ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ವಿಜ್ಞಾನ ಕಲಿಯಲು ಕುತೂಹಲ ಬೇಕು ಎಂದು ಮಕ್ಕಳಿಗೆ ಹೇಳಿ ಹೇಳಿ ನನ್ನ ಚಟಕ್ಕೆ ನಾನೇ ಒಂದು ಗೌರವದ ಹೆಸರು ಕೊಟ್ಟುಕೊಂಡಿದ್ದೇನೆ. ಇಂಥವಳ ಕೈಗೆ ಹೋದ ಕಾರ್ತಿಕ ಮಾಸದಲ್ಲಿ ಒಂದು ಮಣ್ಣು ತುಂಬಿದ ಕುಂಡ ಬಂತು. ಮುಟ್ಟಬಾರದು ಎಂಬ ಷರತ್ತಿನ ಮೇಲೆ.

ಕುಂಡ ಪುಟ್ಟಲಕ್ಷ್ಮಮ್ಮನವರದು. ಅನ್ನಪೂರ್ಣೇಶ್ವರಿ ನಗರದಲ್ಲಿ ನಮ್ಮ ಮನೆಯ ಓರೆಗೆ, ಎದುರು ಸಾಲಿನಲ್ಲಿ ಅವರ ಮನೆ. ಎಪ್ಪತ್ತರ ಹತ್ತಿರದ ಹೆಂಗಸು, ಈ ಜಾಗದ ಹಳೇ ಊರಿನವರು. ಈಗ ನಮ್ಮ ಬೀದಿ ಇರುವುದೆಲ್ಲ ಒಂದು ಕಾಲಕ್ಕೆ ಅವರ ಮನೆತನದ ರಾಗಿ ಹೊಲವಾಗಿತ್ತು. ನಮ್ಮ ಅಡುಗೆಮನೆ ಇರುವ ಕಡೆ ದೊಡ್ಡದೊಂದು ಹುಣಸೆ ಮರವಿತ್ತಂತೆ. ಮೊದಲ ಸಲ ನಮ್ಮ ಮನೆಗೆ ಬಂದಾಗ ಅವರು ಗ್ಯಾಸ್ ಒಲೆಯ ಮುಂದೆ ನಿಂತು ಮೇಲೆ ಕೆಳಗೆ ನೋಡಿ, “ಇಲ್ಲೇ ಕಣವ್ವ ನಾನು ಸೊಪ್ಪಿನ ಹೊರೆ ಇಳಿಸ್ತಿದ್ದಿದ್ದು” ಎಂದಿದ್ದರು. ಅವತ್ತಿನಿಂದ ಸಾರು ಕುದಿಸುವಾಗ ಯಾರದೋ ನೆರಳಲ್ಲಿ ನಿಂತಿದ್ದೇನೆ ಅನ್ನಿಸುತ್ತದೆ. ಅವರ ಇಬ್ಬರು ಮಕ್ಕಳು ಸೇರಿ ಹಳೇ ಮನೆಯ ಮೇಲೆ ಇನ್ನೆರಡು ಮಹಡಿ ಎಬ್ಬಿಸುವುದೆಂದು ತೀರ್ಮಾನವಾಯಿತು. ಕೆಲಸ ಮುಗಿಯುವ ತನಕ, ಅಂದರೆ ಮೇ ಕೊನೆಯ ತನಕ, ಎಲ್ಲರೂ ಕೆಂಗೇರಿ ಉಪನಗರದಲ್ಲಿ ಬಾಡಿಗೆ ಮನೆಗೆ ಹೊರಟರು. ಹೊರಡುವ ಹಿಂದಿನ ದಿನ ಪುಟ್ಟಲಕ್ಷ್ಮಮ್ಮ ನನ್ನನ್ನು ಗೇಟಿನ ಹತ್ತಿರ ಕರೆದು ಒಂದು ಸಿಮೆಂಟ್ ಕುಂಡ ತೋರಿಸಿದರು. ಅದರಲ್ಲಿ ಒಣಗಿದ ಎರಡು ಎಲೆ ಬಿಟ್ಟರೆ ಬೇರೇನೂ ಇರಲಿಲ್ಲ.

“ಇದ್ರಾಗೆ ಮೇ ಫ್ಲವರ್ ಐತೆ” ಎಂದರು.

ಮೇ ಫ್ಲವರ್ ಯಾರಿಗೆ ಗೊತ್ತಿಲ್ಲ. ವರ್ಷವೆಲ್ಲ ನೆಲದೊಳಗೆ ಗೆಡ್ಡೆಯಾಗಿ ಮಲಗಿದ್ದು, ಮೇ ತಿಂಗಳಲ್ಲಿ ಎಲೆಗಿಲೆ ಏನೂ ಇಲ್ಲದೆ ಒಂದೇ ಒಂದು ದಂಟು ಎದ್ದು, ಅದರ ತುದಿಯಲ್ಲಿ ಚೆಂಡಿನಷ್ಟು ದೊಡ್ಡ ಕೆಂಪು ಹೂವಾಗುತ್ತದೆ. ಅದು ಬಾಡಿದ ಮೇಲೆ ಎಲೆ. ಎಲೆ ಒಣಗಿದ ಮೇಲೆ ಮತ್ತೆ ನಿದ್ದೆ. ಆ ಗೆಡ್ಡೆಯ ಚರಿತ್ರೆಯನ್ನೂ ಪುಟ್ಟಲಕ್ಷ್ಮಮ್ಮ ಅವತ್ತೇ ಹೇಳಿದರು. ಅವರ ಅತ್ತೆ ಸೊಪ್ಪು ಮಾರಲು ಪೇಟೆಗೆ ಹೋಗುತ್ತಿದ್ದ ಕಾಲದಲ್ಲಿ ಯಾವುದೋ ಬಂಗಲೆಯ ಕಾಂಪೌಂಡಿನಿಂದ ಕಿತ್ತು, ಸೊಪ್ಪಿನ ಬುಟ್ಟಿಯಲ್ಲಿ ಅಡಗಿಸಿಕೊಂಡು ತಂದದ್ದು. ಹಳೇ ಮನೆಯ ಗೃಹಪ್ರವೇಶದಲ್ಲಿ ಹಸು ಒಳಗೆ ಹೋದ ಮೇಲೆ, ಮನುಷ್ಯರು ಹೋಗುವ ಮೊದಲು, ಅರಳಿದ ಈ ಹೂವನ್ನು ಕುಂಡದ ಸಮೇತ ಅತ್ತೆ ಒಳಕ್ಕೆ ಒಯ್ದಿದ್ದರಂತೆ. “ಹೊಸ ಮನೆಗೂ ಹಂಗೇ ಆಗ್ಬೇಕು. ಮೇ ಕೊನೇ ಭಾನುವಾರ ಗೃಹಪ್ರವೇಶ. ಹಸು ಹಿಂದೆ ಇದು ಹೋಗ್ಬೇಕು, ಹೂ ಬುಟ್ಕಂಡು. ವರ್ಷ ವರ್ಷ ತಪ್ಪದೆ ಬುಡ್ತದೆ. ನೀನು ಏನೂ ಮಾಡ್ಬೇಡ. ವಾರಕ್ಕೊಂದು ಚೆಂಬು ನೀರು. ಮಣ್ಣು ಮಾತ್ರ ಮುಟ್ಬೇಡ” ಎಂದರು. “ಕೊಡಿ ಅಮ್ಮ, ಜೋಪಾನವಾಗಿ ನೋಡ್ಕೋತೀನಿ” ಎಂದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು.

“ನಾನು ಕೊಡಾಕಿಲ್ಲ. ಕೈಯಾರೆ ಕೊಟ್ರೆ ಹತ್ತಾಕಿಲ್ಲ. ನಮ್ಮತ್ತೆ ಕದ್ದಿದ್ದು, ನಾನು ಅತ್ತೆ ಹತ್ರ ಕದ್ದಿದ್ದು. ನಾನು ಒಳಗೋಗಿ ಬಾಗ್ಲು ಹಾಕ್ಕಂತೀನಿ. ನೀನು ಕದ್ಕಂಡು ಹೋಗು.”

ಕದ್ದ ಗಿಡ ಚೆನ್ನಾಗಿ ಹತ್ತುತ್ತದೆ ಎಂಬ ನಂಬಿಕೆ ನಮ್ಮ ಕಡೆ ಮನೆಮನೆಯಲ್ಲೂ ಇದೆ. ಕರಿಬೇವಿನ ಸಸಿ, ಮನಿ ಪ್ಲಾಂಟ್ ಇವನ್ನೆಲ್ಲ ಸ್ವಂತ ಅಕ್ಕತಂಗಿಯರೇ ಒಬ್ಬರ ಮನೆಯಿಂದ ಒಬ್ಬರು ಕದಿಯುತ್ತಾರೆ. ಆದರೆ ಒಂದು ತುಂಡು ಬಳ್ಳಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುವುದು ಬೇರೆ, ಹಾಡಹಗಲಲ್ಲಿ ಮೊಣಕಾಲೆತ್ತರದ ಸಿಮೆಂಟ್ ಕುಂಡ ಕದಿಯುವುದು ಬೇರೆ. ಪುಟ್ಟಲಕ್ಷ್ಮಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಸೀರೆ ಎತ್ತಿ ಸಿಕ್ಕಿಸಿ ಕುಂಡ ಎತ್ತಲು ಬಗ್ಗಿದೆ. ಕಿಟಕಿಯಿಂದ ಅವರ ದನಿ ಬಂತು. “ಅಂಚು ಹಿಡಿಬೇಡ, ತಳ ಹಿಡ್ಕ. ಸೊಂಟ ಉಳುಕ್ತದೆ.” ಎದುರಿಗೆ ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿಯ ಮಂಜಣ್ಣ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ, “ಏನ್ ಟೀಚರ್, ಪಾಟ್ ಎತ್ಕೊಂಡು ಹೋಗ್ತಾ ಇದೀರಾ?” ಎಂದು ಕೇಳಿದ. ನಾನು ಉತ್ತರ ಹುಡುಕುವಷ್ಟರಲ್ಲಿ ಕಿಟಕಿಯೇ ಹೇಳಿತು. “ನೀನು ಆ ಕಡೆ ತಿರುಗಪ್ಪ, ಕದೀತಾವ್ಳೆ.” ಮಂಜಣ್ಣ ಮರ್ಯಾದೆಯಿಂದ ಆ ಕಡೆ ತಿರುಗಿದ. ಒಂಬತ್ತನೇ ಕ್ಲಾಸಿನಲ್ಲಿ ಮೂಢನಂಬಿಕೆಗಳ ಬಗ್ಗೆ ಒಂದು ಪೂರ್ತಿ ಪೀರಿಯಡ್ ಮಾತಾಡುವ ನಾನು, ಆ ಕುಂಡವನ್ನು ಹೊಟ್ಟೆಗೆ ಅವಚಿಕೊಂಡು, ಹಿಂದೆ ತಿರುಗಿ ನೋಡದೆ ರಸ್ತೆ ದಾಟಿದೆ.

ನಮ್ಮ ಮನೆಯ ಕೈತೋಟ ಎಂದರೆ ಕಾಂಪೌಂಡಿಗೂ ಗೋಡೆಗೂ ನಡುವೆ ಮೂರಡಿ ಅಗಲದ ಒಂದು ಪಟ್ಟಿ. ಅದರಲ್ಲಿ ಒಂದು ದುಂಡು ಮಲ್ಲಿಗೆ, ಎರಡು ದಾಸವಾಳ, ನಂದಿಬಟ್ಟಲು, ಕನಕಾಂಬರ, ಬಕೆಟ್ಟಿನಲ್ಲಿ ಹಾಕಿದ ಸುಗಂಧರಾಜ. ಕುಂಡವನ್ನು ಮಲ್ಲಿಗೆಯ ಪಕ್ಕ ಇಟ್ಟೆ. ಒಣಗಿದ ಎಲೆ ವಾರದಲ್ಲಿ ಉದುರಿತು. ಉಳಿದದ್ದು ಬರೀ ಮಣ್ಣು. ಪ್ರತಿ ಭಾನುವಾರ ಬೆಳಿಗ್ಗೆ ಆ ಮಣ್ಣಿಗೆ ಒಂದು ಚೆಂಬು ನೀರು ಹಾಕುವುದು, ಅದು ಇಂಗುವುದನ್ನು ನೋಡುತ್ತಾ ನಿಲ್ಲುವುದು. ಒಂದು ದಿನ ಯಜಮಾನರು ಪೇಪರ್ ಹಿಡಿದು ಹೊರಗೆ ಬಂದವರು ಸ್ವಲ್ಪ ಹೊತ್ತು ನೋಡಿ, “ಮಣ್ಣಿಗೆ ನೀರು ಹಾಕ್ತಿದೀಯಾ?” ಎಂದು ಕೇಳಿದರು. “ಒಳಗೆ ಗೆಡ್ಡೆ ಇದೆ” ಎಂದೆ. “ಸರಿ” ಎಂದು ಒಳಗೆ ಹೋದರು. ಅವರಿಗೆ ಅಷ್ಟು ಸಾಕು. ಇದೆ ಎಂದರೆ ಇದೆ. ನನಗೆ ಮಾತ್ರ ಅವತ್ತಿನಿಂದ ಒಂದೇ ಯೋಚನೆ. ಇದೆಯೇ?

ಸಂಕ್ರಾಂತಿಯ ತನಕ ಹಲ್ಲು ಕಚ್ಚಿ ತಡೆದೆ. ಹಬ್ಬ ಮುಗಿದ ಭಾನುವಾರ ಮಧ್ಯಾಹ್ನ, ಯಜಮಾನರು ಊಟ ಮಾಡಿ ಮಲಗಿದ ಮೇಲೆ, ಒಂದು ಹಳೇ ಸೌಟು ತೆಗೆದುಕೊಂಡು ಕುಂಡದ ಮುಂದೆ ಕೂತೆ. ಬರೀ ಮೇಲಿನ ಮಣ್ಣು ಸ್ವಲ್ಪ ಸರಿಸಿ ನೋಡುವುದು, ಅಷ್ಟೇ ನನ್ನ ಉದ್ದೇಶ. ಸರಿಸಿದೆ. ಏನೂ ಇಲ್ಲ. ಇನ್ನೂ ಸ್ವಲ್ಪ ಸರಿಸಿದೆ. ನಾಲ್ಕು ಬೆರಳು ಆಳದಲ್ಲಿ ಸೌಟಿಗೆ ಮೆತ್ತಗೆ ಏನೋ ತಾಗಿತು. ದಪ್ಪ ಈರುಳ್ಳಿಯಂಥ ಗೆಡ್ಡೆ, ಮೇಲೆ ಕಂದು ಸಿಪ್ಪೆ. ಅಷ್ಟಕ್ಕೆ ಮುಚ್ಚಬಹುದಿತ್ತು. ಆದರೆ ಗಟ್ಟಿಯಾಗಿದೆಯೋ ಕೊಳೆತಿದೆಯೋ ನೋಡಬೇಡವೇ? ಹೊರಗೆ ತೆಗೆದೆ. ಅಂಗೈಯಲ್ಲಿಟ್ಟುಕೊಂಡೆ. ಗಟ್ಟಿಯಾಗಿತ್ತು, ತಣ್ಣಗಿತ್ತು. ಬಿಸಿಲಿಗೆ ಹಿಡಿದು ತಿರುಗಿಸಿ ನೋಡುತ್ತಿರುವಾಗ ಒಳಗಿನಿಂದ ಯಜಮಾನರು ಕೆಮ್ಮಿದ ಸದ್ದು ಕೇಳಿ, ಗಡಿಬಿಡಿಯಲ್ಲಿ ಗೆಡ್ಡೆಯನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿ, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಒಳಗೆ ಬಂದೆ.

ಬಂದ ಮೇಲೆ ಹೊಸ ಚಿಂತೆ ಹತ್ತಿತು. ನಾನು ಅದನ್ನು ತಲೆ ಮೇಲಾಗಿ ಇಟ್ಟೆನೋ ಕೆಳಗಾಗಿ ಇಟ್ಟೆನೋ? ತಲೆಕೆಳಗಾಗಿ ನೆಟ್ಟ ಗೆಡ್ಡೆಯ ಮೊಳಕೆ ಹೇಗೆ ಬಾಗಿ ಮೇಲೆ ಬರುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟೋ ಸಲ ಚಿತ್ರ ಬರೆದಿದ್ದೇನೆ. ಚಿತ್ರದಲ್ಲಿ ಬರುತ್ತದೆ. ಆದರೆ ಗೃಹಪ್ರವೇಶದ ಹೊತ್ತಿಗೆ ಬರುತ್ತದೆಯೇ ಎಂದು ಯಾವ ಪಠ್ಯದಲ್ಲೂ ಬರೆದಿಲ್ಲ. ಮುಂದಿನ ಭಾನುವಾರ ಮತ್ತೆ ಅಗೆದೆ. ತಲೆ ಮೇಲೆಯೇ ಇತ್ತು. ಸಮಾಧಾನವಾಯಿತು. ಹಾಗೆ ಎರಡು ಸಲ ಅಗೆದದ್ದರಿಂದ ಬೇರಿಗೆ ಪೆಟ್ಟಾಗಿರಬಹುದೇ ಎಂದು ಶಿವರಾತ್ರಿಯ ಮಾರನೆಯ ದಿನ ಮೂರನೆಯ ಸಲ ನೋಡಿದೆ. ಆಗಿತ್ತು. ಬಿಳೀ ಬೇರು ಎರಡು ಮುರಿದು ಕೈಗೆ ಬಂದವು. ಆ ಬೇರುಗಳನ್ನು ಹಿಡಿದುಕೊಂಡು ನಾನು ನಿಜವಾಗಿ ಹೆದರಿದೆ. ಇದು ನನ್ನ ಮೊಸರಲ್ಲ, ಇಡ್ಲಿಯಲ್ಲ. ಇನ್ನೊಬ್ಬರ ಅತ್ತೆ ಸೊಪ್ಪಿನ ಬುಟ್ಟಿಯಲ್ಲಿ ತಂದ ಗೆಡ್ಡೆ. ನಂಬಿ ಕೊಟ್ಟದ್ದು, ಅಂದರೆ ನಂಬಿ ಕದಿಯಲು ಬಿಟ್ಟದ್ದು. ಆ ವಾರವೇ ಕ್ಲಾಸಿನಲ್ಲಿ ಹತ್ತಿಯಲ್ಲಿ ಹುರುಳಿಕಾಳು ಮೊಳಕೆ ಬರಿಸುವ ಪ್ರಯೋಗವಿತ್ತು. ಒಬ್ಬಳು ಹುಡುಗಿ ದಿನಕ್ಕೆ ನಾಲ್ಕು ಸಲ ಹತ್ತಿ ಬಿಡಿಸಿ ನೋಡುತ್ತಿದ್ದಳು. “ಹಾಗೆ ಕೆದಕ್ತಾ ಇದ್ರೆ ಅದು ಹೇಗಮ್ಮಾ ಬೆಳೆಯುತ್ತೆ?” ಎಂದು ಎಲ್ಲರೆದುರು ಗದರಿಸಿದೆ. ಗದರಿಸುವಾಗ ನನ್ನ ಉಗುರಿನಲ್ಲಿ ಇನ್ನೂ ಮಣ್ಣಿತ್ತು.

ಯುಗಾದಿಗೆ ಒಂದು ಸಲ, ಮೌಲ್ಯಮಾಪನ ಮುಗಿಸಿ ಬಂದ ದಿನ ಒಂದು ಸಲ, ಅದಾದ ಮೇಲೆ ಇನ್ನೊಂದು ಸಲ. ಒಟ್ಟು ಆರು. ಪ್ರತಿ ಸಲವೂ ಇದೇ ಕೊನೆ ಎಂದುಕೊಂಡೇ ಅಗೆದದ್ದು.

ಮೇ ಬಂತು. ರಜೆ ಬೇರೆ. ಇಡೀ ದಿನ ಮನೆಯಲ್ಲಿ ಕೂತು ಒಂದು ಕುಂಡವನ್ನು ನೋಡುವುದಕ್ಕಿಂತ ದೊಡ್ಡ ಕೆಲಸವಿಲ್ಲ. ಆ ಮೂರಡಿ ಪಟ್ಟಿಯಲ್ಲಿ ಉಳಿದವೆಲ್ಲ ನನ್ನನ್ನು ಅಣಕಿಸುವಂತೆ ಬಿಟ್ಟವು. ದುಂಡು ಮಲ್ಲಿಗೆ ಎಲೆ ಕಾಣದಷ್ಟು ಮೊಗ್ಗು ಹಿಡಿಯಿತು. ಸಂಜೆ ಬಿಡಿಸಿ ಬುಟ್ಟಿಗೆ ಹಾಕಿದರೆ ಹಜಾರದ ತುಂಬ ಪರಿಮಳ. ಸುಗಂಧರಾಜ ಬಕೆಟ್ಟಿನಿಂದ ಎರಡು ಕೋಲು ಎತ್ತಿತು. ಬಿಳೀ ದಾಸವಾಳ ದಿನಕ್ಕೆ ಏಳೆಂಟು. ಬೆಳಗಿನ ವಾಕಿಂಗ್‌ನವರು ಪ್ಲಾಸ್ಟಿಕ್ ಕವರ್ ಹಿಡಿದು, ಕೊಂಬೆ ಬಗ್ಗಿಸಲು ಛತ್ರಿಯ ಹಿಡಿ ಹಿಡಿದು, ಆರು ಗಂಟೆಗೇ ಬರುತ್ತಿದ್ದರು. ಮೊದಲೆಲ್ಲ ನಾನು ಕಿಟಕಿಯಿಂದ ಗಂಟಲು ಕೆರೆದುಕೊಳ್ಳುತ್ತಿದ್ದೆ. ಈ ಸಲ ಅವರೇ ಆಶ್ಚರ್ಯಪಡುವಂತೆ ಸುಮ್ಮನಿದ್ದೆ. ದೇವರ ತಲೆಗೆ ಹೋಗಲಿ, ಆ ದೇವರು ಪಕ್ಕದ ಕುಂಡದ ಕಡೆ ಸ್ವಲ್ಪ ನೋಡಲಿ ಎಂಬ ಆಸೆ. ಬೀದಿಯಲ್ಲಿ ಹೋದರೆ ಎಲ್ಲೆಲ್ಲೂ ಮೇ ಫ್ಲವರ್. ಮೂಡಲಪಾಳ್ಯದ ಕಡೆ ಬಸ್ಸಿನಲ್ಲಿ ಹೋಗುವಾಗ ಒಂದು ಹಳೇ ಮನೆಯ ಅಂಗಳದಲ್ಲಿ ಸಾಲಾಗಿ ಒಂಬತ್ತು ಕಂಡೆ. ಎದ್ದು ನಿಂತು ಎಣಿಸುತ್ತಿದ್ದವಳನ್ನು ಕಂಡಕ್ಟರು “ಇಳೀತೀರಾ ಮೇಡಂ?” ಎಂದು ಕೇಳಿದ.

ಪ್ರತಿ ಭಾನುವಾರ ಹತ್ತು ಗಂಟೆಗೆ ಪುಟ್ಟಲಕ್ಷ್ಮಮ್ಮನವರ ಫೋನು. ಮಂಡಿ ನೋವಿನಿಂದ ಅವರು ಈ ಕಡೆ ಬರುವುದನ್ನೇ ಬಿಟ್ಟಿದ್ದರು. ಮನೆ ಎಷ್ಟಾಯಿತು, ಗಾರೆ ಕೆಲಸ ಮುಗಿಯಿತೇ ಎಂದು ನನ್ನನ್ನು ಕೇಳುತ್ತಿರಲಿಲ್ಲ, ಅದನ್ನು ಮಕ್ಕಳು ಹೇಳುತ್ತಿದ್ದರು. ನನ್ನ ಹತ್ತಿರ ಒಂದೇ ಪ್ರಶ್ನೆ.

“ಮೂತಿ ತೋರಿಸ್ತಾ?”

“ಇನ್ನೂ ಇಲ್ಲ ಅಮ್ಮ.”

“ಒಂದು ಮಳೆ ಬೀಳ್ಲಿ, ಬತ್ತದೆ. ನೀನು ಮುಟ್ಟಿಲ್ಲ ತಾನೆ?”

“ಇಲ್ಲ ಅಮ್ಮ.”

ಮಳೆ ಬಿತ್ತು. ಒಂದಲ್ಲ, ಮೂರು ಬಿತ್ತು. ಮಲ್ಲಿಗೆ ನೆಲ ಹಿಡಿಯಿತು, ಎದುರು ಮನೆಯ ಮೂರನೇ ಮಹಡಿಗೆ ಬಣ್ಣ ಬಳಿಯಲು ಶುರುವಾಯಿತು, ಕುಂಡ ಮಾತ್ರ ಕಮಕ್ ಕಿಮಕ್ ಅನ್ನಲಿಲ್ಲ. ಗೃಹಪ್ರವೇಶಕ್ಕೆ ಎರಡು ವಾರವಿದೆ ಎನ್ನುವಾಗ ನನ್ನ ಮನಸ್ಸಿಗೆ ಕೆಟ್ಟ ಯೋಚನೆ ಬಂತು. ಮಾಗಡಿ ರಸ್ತೆಯ ಕಡೆ ಇರುವ ಒಂದು ನರ್ಸರಿಗೆ ಆಟೋ ಮಾಡಿಕೊಂಡು ಹೋದೆ. ಅರಳಿದ್ದೋ ಅರಳುವಂಥದ್ದೋ ಒಂದು ಮೇ ಫ್ಲವರ್ ತಂದು ಈ ಕುಂಡದಲ್ಲಿ ನೆಟ್ಟುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಹೂವಿನ ಮುಖದ ಮೇಲೆ ಯಾರ ಅತ್ತೆಯದೆಂದು ಬರೆದಿರುವುದಿಲ್ಲವಲ್ಲ. ನರ್ಸರಿಯವನು ತಲೆ ಕೆರೆದುಕೊಂಡ. “ಹೂ ಬಿಟ್ಟಿದ್ದೆಲ್ಲ ಖಾಲಿ ಆಗೋಯ್ತು ಮೇಡಂ. ಆ ಕವರ್‌ನಲ್ಲಿ ಗೆಡ್ಡೆ ಐತೆ, ಮೊಗ್ಗು ಬಂದೈತೋ ಇಲ್ವೋ ಗೊತ್ತಿಲ್ಲ. ಅಗೆದು ನೋಡ್ಲಾ?” ಎಂದ. “ಬೇಡಪ್ಪ, ಬೇಡ” ಎಂದೆ. ನನ್ನ ದನಿ ಕೇಳಿ ಅವನು ಎತ್ತಿದ ಗುದ್ದಲಿಯನ್ನು ಹಾಗೇ ಕೆಳಗಿಟ್ಟ. ಖಾಲಿ ಕೈಯಲ್ಲಿ ವಾಪಸು ಬಂದೆ. ಬರುವ ದಾರಿಯಲ್ಲಿ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ಅಗೆದದ್ದು ಸಾಲದು ಎಂದು ಮೋಸಕ್ಕೂ ಹೊರಟಿದ್ದೆನಲ್ಲ.

ಗೃಹಪ್ರವೇಶಕ್ಕೆ ಹತ್ತು ದಿನವಿರುವಾಗ ಪುಟ್ಟಲಕ್ಷ್ಮಮ್ಮನವರೇ ಬಂದರು. ಬಣ್ಣ ಹೇಗಿದೆ ನೋಡಬೇಕೆಂದು ಚಿಕ್ಕ ಮಗನ ಬೈಕಿನಲ್ಲಿ ಕೂತು ಬಂದವರು ತಮ್ಮ ಮನೆಯ ಕಡೆ ಒಂದು ಸಲ ತಲೆಯೆತ್ತಿ ನೋಡಿ, ನೇರ ನಮ್ಮ ಗೇಟು ತೆಗೆದರು. ಕುಂಡದ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಕಾಫಿ ತಂದೆ. ಅವರು ಮಣ್ಣು ನೋಡುತ್ತಾ ಕಾಫಿ ಕುಡಿದರು. ನಾನು ಅವರ ಮುಖ ನೋಡುತ್ತಾ ನಿಂತಿದ್ದೆ. ಮೊಣಕಾಲು ನೀವಿಕೊಳ್ಳುತ್ತಾ ಅವರು, “ಬರಾಕಿಲ್ವೇನೋ ಈ ಸತಿ” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ.

“ಅಮ್ಮ, ನಾನು ಅಗೆದು ನೋಡ್ಬಿಟ್ಟೆ” ಎಂದೆ.

ಅವರು ಲೋಟ ಕೆಳಗಿಟ್ಟರು. ಇಸ್ತ್ರಿ ಮಂಜಣ್ಣನ ಗಾಡಿಯಿಂದ ರೇಡಿಯೋ ಕೇಳುತ್ತಿತ್ತು. ನನ್ನ ವಯಸ್ಸು ಐವತ್ತೆರಡು. ಆದರೂ ಹೆಡ್‌ಮೇಷ್ಟ್ರ ಕೋಣೆಯಲ್ಲಿ ನಿಂತವಳ ಹಾಗೆ ಕೈ ಕಟ್ಟಿಕೊಂಡಿದ್ದೆ.

“ಎಷ್ಟು ಸತಿ?”

“ನಾಲ್ಕು” ಎಂದೆ. ತಪ್ಪೊಪ್ಪಿಗೆಯಲ್ಲೂ ನನಗೆ ಎರಡು ಕಡಿಮೆ ಮಾಡುವ ಬುದ್ಧಿ.

“ನಾಲ್ಕೇನಾ?” ಎಂದರು. ಮತ್ತೆ ನನ್ನ ಕಡೆ ನೋಡದೆ, “ನಾನು ತಿಂಗ್ಳಿಗೆರಡು ಸತಿ ನೋಡ್ತಿದ್ದೆ” ಎಂದರು.

ನನಗೆ ಅರ್ಥವಾಗಲಿಲ್ಲ. ಆಮೇಲೆ ಅವರೇ ಒಂದೊಂದಾಗಿ ಬಿಡಿಸಿ ಹೇಳಿದರು. ಅತ್ತೆ ಇರುವ ತನಕ ಹೂ ತಪ್ಪದೆ ಬಿಡುತ್ತಿತ್ತು, ಏಕೆಂದರೆ ಅತ್ತೆ ಯಾರನ್ನೂ ಕುಂಡದ ಹತ್ತಿರ ಸುಳಿಯಲು ಬಿಡುತ್ತಿರಲಿಲ್ಲ. ಅತ್ತೆ ಹೋದ ಮೇಲೆ ಇವರಿಗೆ ಕೇಳುವವರು ಯಾರೂ ಇಲ್ಲ. ಚಳಿಗಾಲದಲ್ಲಿ ಇದೆಯೋ ಇಲ್ಲವೋ ಎಂದು ಒಂದು ಸಲ ನೋಡಿದರು. ಇತ್ತು. ಆ ವರ್ಷ ಹೂ ಸಣ್ಣದಾಯಿತು. ಮುಂದಿನ ವರ್ಷ ಯಾಕೆ ಸಣ್ಣದಾಯಿತು ಎಂದು ನೋಡಿದರು. ಕಳೆದ ಮೂರು ವರ್ಷದಿಂದ ಬರೀ ಎಲೆ. ವರ್ಷ ವರ್ಷ ತಪ್ಪದೆ ಬಿಡುತ್ತದೆ ಎಂದು ನನಗೆ ಹೇಳಿದ್ದು ಶುದ್ಧ ಸುಳ್ಳು. ಗೃಹಪ್ರವೇಶದ ವರ್ಷವಾದರೂ ಬಿಡಬೇಕು ಎಂದರೆ ತಮ್ಮ ಕೈಗೆ ಸಿಗದ ಹಾಗೆ ಎಲ್ಲಾದರೂ ಇಡಬೇಕು ಎಂದುಕೊಂಡರು. ಬೀದಿಯಲ್ಲಿ ಯಾರಿಗೆ ಕೊಡುವುದು ಎಂದು ಒಂದು ವಾರ ಯೋಚಿಸಿದರು. “ನೀನು ಓದಿರೋಳು, ಮಕ್ಕಳಿಗೆ ಬುದ್ಧಿ ಹೇಳೋಳು. ನಿಂಗೆ ತಾಳ್ಮೆ ಇರ್ತದೆ ಅಂದ್ಕಂಡೆ” ಎಂದರು.

ನನಗೆ ಸಿಟ್ಟು ಬಂತು. ನಾಲ್ಕು ತಿಂಗಳಿಂದ ಈ ಹೆಂಗಸಿನ ನಂಬಿಕೆಗೆ ದ್ರೋಹ ಮಾಡಿದೆ ಎಂದು ಒಳಗೊಳಗೇ ಕೊರಗಿದ್ದೇನೆ, ವಾಕಿಂಗ್‌ನವರಿಗೆಲ್ಲ ದಾಸವಾಳ ಧಾರೆಯೆರೆದಿದ್ದೇನೆ, ನರ್ಸರಿಗೆ ಹೋಗಿ ಮಾನ ಕಳೆದುಕೊಂಡು ಬಂದಿದ್ದೇನೆ. ಇವರು ನೋಡಿದರೆ ಮೂರು ವರ್ಷದ ರೋಗಿಯನ್ನು ತಂದು ಗಟ್ಟಿಮುಟ್ಟಾಗಿದೆ ಎಂದು ನನ್ನ ಕೈಗೆ ಒಪ್ಪಿಸಿದ್ದಾರೆ. ಹೇಳಿಯೇ ಬಿಡಬೇಕು ಎಂದು ಬಾಯಿ ತೆರೆದೆ. ಅವರ ಮುಖ ನೋಡಿದೆ. ಅವರ ತುಟಿ ಅದುರುತ್ತಿತ್ತು. ಅಳುತ್ತಾರೇನೋ ಅಂದುಕೊಂಡೆ. ನಗು ತಡೆಯುತ್ತಿದ್ದರು. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಯಜಮಾನರು ಬಾಗಿಲ ತನಕ ಬಂದು, ಏನಾಯಿತು ಎಂದು ಕೇಳದೆ, ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದರು.

ನಗು ಮುಗಿಯಿತು. ಇಬ್ಬರೂ ಕುಂಡದ ಕಡೆ ನೋಡುತ್ತಿದ್ದೆವು.

“ಈಗ ಒಂದ್ಕಿತ ನೋಡಾಣ್ವಾ?” ಎಂದು ಅವರು ಕೇಳಿದರು.

“ಬೇಡ ಅಮ್ಮ.”

“ಹೆಂಗೂ ಬರಾಕಿಲ್ಲ. ನೋಡಿದ್ರೆ ಹೋಗೋದೇನೈತೆ?”

ಆ ತರ್ಕದಲ್ಲಿ ನನಗೆ ಯಾವ ತಪ್ಪೂ ಕಾಣಿಸಲಿಲ್ಲ. ಸೌಟು ತಂದೆ. ಅವರು ಬೇಡವೆಂದು ಬೆರಳಿನಲ್ಲೇ ಮಣ್ಣು ಸರಿಸತೊಡಗಿದರು. ಹೊಲದಲ್ಲಿ ಕಳೆ ಕಿತ್ತು ಪಳಗಿದ ಬೆರಳು, ನನ್ನ ಸೌಟಿಗಿಂತ ಮೆದುವಾಗಿ ಹೋಗುತ್ತಿತ್ತು. ಒಂದು ಬೆರಳಿನಷ್ಟೂ ಆಳ ಹೋಗಿರಲಿಲ್ಲ, ಕೈ ತಟ್ಟನೆ ನಿಂತಿತು. ಉಫ್ ಎಂದು ಊದಿ ಮಣ್ಣು ಹಾರಿಸಿದರು. ಕೆಳಗೆ ಹಸಿರೂ ಕೆಂಪೂ ಬೆರೆತ, ಚುಕ್ಕೆ ಚುಕ್ಕೆಯ, ಹೆಬ್ಬೆರಳ ಗಾತ್ರದ ಒಂದು ತುದಿ ಬಿಗಿಯಾಗಿ ಮೇಲಕ್ಕೆ ಮುಖ ಮಾಡಿ ನಿಂತಿತ್ತು. ಇನ್ನೆರಡು ದಿನ ಸುಮ್ಮನಿದ್ದಿದ್ದರೆ ತಾನಾಗಿಯೇ ಹೊರಗೆ ಬರುತ್ತಿತ್ತು. ಪುಟ್ಟಲಕ್ಷ್ಮಮ್ಮ ಉಸಿರು ಬಿಗಿಹಿಡಿದು, ತೆಗೆದ ಮಣ್ಣನ್ನು ಚಿಟಿಕೆ ಚಿಟಿಕೆಯಾಗಿ ಹಿಂದಕ್ಕೆ ಹಾಕಿ ಮುಚ್ಚಿದರು. “ಯಾರ್ಗೂ ಹೇಳ್ಬೇಡ” ಎಂದರು. ಯಾರಿಗೆ ಹೇಳಬಾರದು ಎಂದು ನಾನು ಕೇಳಲಿಲ್ಲ. ಅವರ ಅತ್ತೆಗೇ ಇರಬೇಕು.

ಅವರು ಹೋದ ಮೇಲೆ ಆ ಹತ್ತು ದಿನ ನಾನು ಕುಂಡದ ಹತ್ತಿರ ಹೋಗಲಿಲ್ಲ. ನೀರು ಹಾಕುವ ಕೆಲಸವನ್ನು ಯಜಮಾನರಿಗೆ ಒಪ್ಪಿಸಿದೆ. ಅವರು ಪೇಪರ್ ಓದುತ್ತಾ ಚೆಂಬು ಬಗ್ಗಿಸಿ ಬಂದುಬಿಡುತ್ತಿದ್ದರು. ಮೊಗ್ಗು ಹೊರಗೆ ಬಂತೇ ಎಂದು ಕೇಳಿದರೆ, “ನೋಡ್ಲಿಲ್ಲ ಕಣೇ” ಎನ್ನುತ್ತಿದ್ದರು. ಆ ಮನುಷ್ಯನನ್ನು ಕಟ್ಟಿಕೊಂಡದ್ದರಿಂದ ಮೊದಲ ಸಲ ಒಂದು ಉಪಯೋಗವಾಯಿತು. ಗೃಹಪ್ರವೇಶದ ದಿನದ ಹೊತ್ತಿಗೆ ಗೇಣುದ್ದದ ದಂಟು ನೆಟ್ಟಗೆ ನಿಂತಿತ್ತು, ಆದರೆ ತುದಿಯ ಮೊಗ್ಗು ಬಿಚ್ಚಿರಲಿಲ್ಲ. ಹಸು ಮಹಡಿ ಹತ್ತುವುದಿಲ್ಲವಾದ್ದರಿಂದ ಅದನ್ನು ಕೆಳಗಿನ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋಗಿ ಹೊರಗೆ ಕರೆತಂದರು. ಅದರ ಹಿಂದೆ ದೊಡ್ಡ ಮಗ ಕುಂಡ ಹೊತ್ತು ಎರಡು ಮಹಡಿ ಹತ್ತಿದ. ನೆಂಟರೊಬ್ಬರು, “ಇದೇನಿದು, ಮುಷ್ಟಿ ಕಟ್ಟ್ಕಂಡು ನಿಂತೈತೆ?” ಎಂದರು. “ಅದಕ್ಕೆ ಯಾವಾಗ ಬೇಕೋ ಆವಾಗ ಬಿಚ್ತದೆ. ನೀನು ಊಟಕ್ಕೆ ಹೋಗು” ಎಂದು ಪುಟ್ಟಲಕ್ಷ್ಮಮ್ಮ ಹೇಳಿದರು. ಅವರ ಕಣ್ಣು ತುಂಬಿತ್ತು. ಅದನ್ನು ನೋಡಿ ನನ್ನದೂ ತುಂಬಿತು.

ನಾಲ್ಕು ದಿನ ಕಳೆದು ಅವರಿಂದ ಕರೆ ಬಂತು. ಹೋದೆ. ನೆಂಟರೆಲ್ಲ ಹೊರಟುಹೋಗಿದ್ದರು, ಮಕ್ಕಳು ಕೆಲಸಕ್ಕೆ ಹೋಗಿದ್ದರು. ಹೊಸ ಬಣ್ಣದ ವಾಸನೆಯ ಬಾಲ್ಕನಿಯಲ್ಲಿ ಹೂ ಪೂರ್ತಿ ಅರಳಿ ನಿಂತಿತ್ತು. ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಕೆಂಪು ಚೆಂಡು, ತುದಿತುದಿಗೂ ಹಳದಿ ಪುಡಿ. ನಾವಿಬ್ಬರೂ ಎರಡು ಕುರ್ಚಿ ಹಾಕಿಕೊಂಡು ಅದರ ಮುಂದೆ ಕೂತೆವು. ತುಂಬಾ ಚೆನ್ನಾಗಿತ್ತು. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ನೋಡಿದೆವು. ಏಳು ತಿಂಗಳು ನಮ್ಮಿಬ್ಬರ ನೆಮ್ಮದಿ ಕೆಡಿಸಿದ ಹೂವನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಲು ಯಾಕೋ ಆಗಲಿಲ್ಲ. ಎಲ್ಲವೂ ಕಣ್ಣೆದುರಿಗೇ ಇತ್ತು. ಲೋಟ ಕೆಳಗಿಟ್ಟು ಪುಟ್ಟಲಕ್ಷ್ಮಮ್ಮ, “ಟೀಚರಮ್ಮ, ಒಳಗೆ ಗೆಡ್ಡೆ ಮರಿ ಹಾಕಿರ್ತದಾ?” ಎಂದು ಕೇಳಿದರು.

“ಹಾಕಿರಬಹುದು. ಮಳೆಗಾಲ ಕಳೀಲಿ, ಎಲೆ ಬಂದು ಒಣಗ್ಲಿ. ಆಮೇಲೆ ನಿಧಾನವಾಗಿ ತೆಗೆದು ನೋಡೋಣ. ಅಲ್ಲೀ ತನಕ ಮುಟ್ಟಬಾರದು” ಎಂದು ಕ್ಲಾಸಿನ ದನಿಯಲ್ಲಿ ಹೇಳಿದೆ. ಅವರು ಒಳ್ಳೆಯ ವಿದ್ಯಾರ್ಥಿನಿಯಂತೆ ತಲೆಯಾಡಿಸಿದರು. ನಾನು ಹೊರಟೆ. ಎರಡು ಮಹಡಿ ಇಳಿದು ಚಪ್ಪಲಿ ಮೆಟ್ಟಿಕೊಂಡೆ. ಗೇಟಿನ ತನಕ ಹೋದೆ. ನಿಂತೆ. ಚಪ್ಪಲಿ ಬಿಟ್ಟು ಮತ್ತೆ ಮೆಟ್ಟಿಲು ಹತ್ತಿದೆ. ಇಷ್ಟು ಹೊತ್ತಿಗೆ ಅವರು ಒಳಗೆ ಹೋಗಿ ಸ್ವಲ್ಪ ಒರಗಿಕೊಂಡಿರುತ್ತಾರೆ ಎಂದು ನನ್ನ ಲೆಕ್ಕಾಚಾರ. ಬಾಲ್ಕನಿಯಲ್ಲಿ ಪುಟ್ಟಲಕ್ಷ್ಮಮ್ಮ ನೋವಿನ ಮಂಡಿಯನ್ನು ಒಂದು ಕಡೆ ಚಾಚಿ, ಕುಂಡದ ಪಕ್ಕ ನೆಲದ ಮೇಲೆ ಕೂತಿದ್ದರು. ಎರಡು ಬೆರಳು ಮಣ್ಣಿನಲ್ಲಿತ್ತು.

“ಛತ್ರಿ ಮರ್ತು ಹೋಗಿದ್ದೆ” ಎಂದೆ.

ಅವರು ಬೆರಳು ತೆಗೆಯದೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀನು ಛತ್ರಿ ತಂದಿರ್ಲಿಲ್ಲ ಕಣವ್ವ” ಎಂದು ಹೇಳಿ, ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.